ನೇತ್ರಾಣಿಗೆ ಹೋಗುವುದಾದರೆ ಶನಿವಾರ ಮಾತ್ರ ಬೇಡ

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ತೆಗೆದ ನನ್ನ ಮೊದಲ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದು) ವಿಡಿಯೊದಲ್ಲಿ ಒಂದು ಆಮೆ ಇದೆ. ನಿಧಾನಕ್ಕೆ ಕೈ ಬೀಸುತ್ತಾ ಕ್ಯಾಮೆರಾ ಮುಂದೆ ಹಾದು ಹೋಗುತ್ತದೆ. ತುಂಬಾ ಚೆನ್ನಾಗಿದೆ. ಆದರೆ ಆ ಆಮೆಯನ್ನು ನಾನು ನೋಡೇ ಇಲ್ಲ! ನನ್ನ ಜೊತೆ ಬಂದಿದ್ದ ಗೆಳತಿಯ ವಿಡಿಯೊದಲ್ಲೂ ಅದೇ ಆಮೆ, ಅದೇ ತಿರುವು. ಹಿಂದೆ ಯಾವಾಗಲೋ ತೆಗೆದದ್ದನ್ನು ಸ್ಕೂಬಾ ಮಾಡಿಸುವವರು ಎಲ್ಲರ ವಿಡಿಯೊಗೂ ಅಂಟಿಸಿ ಕೊಟ್ಟಿದ್ದರು.

ಅದು ಡಿಸೆಂಬರಿನ ಒಂದು ಶನಿವಾರ. ತಲೆಗೆ 4,500 ರೂಪಾಯಿ, 30 ನಿಮಿಷ ನೀರೊಳಗೆ, ಫೋಟೊ ವಿಡಿಯೊ ಫ್ರೀ ಅಂದಿದ್ದರು. ಬೋಟಿನಲ್ಲಿ ನಾವು 28 ಜನ, ಇನ್‌ಸ್ಟ್ರಕ್ಟರ್‌ಗಳು ನಾಲ್ಕೇ ಜನ. ಮುರುಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ಹೋಗುವಾಗ ಏನೂ ಆಗಲಿಲ್ಲ. ದ್ವೀಪದ ಹತ್ತಿರ ಲಂಗರು ಹಾಕಿ ಇಂಜಿನ್ ಆಫ್ ಮಾಡಿದ ಮೇಲೆ ಶುರುವಾಯಿತು ನೋಡಿ. ಡೀಸೆಲ್ ವಾಸನೆ, ತೊಟ್ಟಿಲು ತೂಗಿದ ಹಾಗೆ ಬೋಟು, ಸರದಿಗೆ ಎರಡೂವರೆ ಗಂಟೆ ಕಾಯುವುದು. ಒಬ್ಬರಾದ ಮೇಲೆ ಒಬ್ಬರು ಅಂಚಿಗೆ ಬಗ್ಗಿ ವಾಂತಿ ಮಾಡುತ್ತಿದ್ದರು. ಕೆಳಗೆ ಪಟ್ಟೆಪಟ್ಟೆ ಮೀನುಗಳು ಅದನ್ನು ತಿನ್ನಲು ಮುಗಿಬೀಳುತ್ತಿದ್ದವು. ಆವತ್ತು ನಾನು ಹತ್ತಿರದಿಂದ ನೋಡಿದ ಸಮುದ್ರಜೀವಿ ಅಂದರೆ ಅದೇ.

ನನ್ನ ಸರದಿ 11 ನಿಮಿಷಕ್ಕೆ ಮುಗಿಯಿತು. ವಾಚ್ ನೋಡಿಕೊಂಡೇ ಇಳಿದಿದ್ದೆ. ಕೇಳಿದರೆ, "ಡ್ರೆಸ್ ಹಾಕೋದು, ಹೇಳಿಕೊಡೋದು ಎಲ್ಲಾ ಸೇರಿ ಮೂವತ್ತು ನಿಮಿಷ ಮೇಡಂ" ಅಂದರು.

ಹಾಗಾಗಿ ದುಡ್ಡು ಕಳಿಸುವ ಮುಂಚೆ ಫೋನಿನಲ್ಲೇ ಮೂರು ಮಾತು ಕೇಳಿಬಿಡಿ. ಬೋಟಿನಲ್ಲಿ ಎಷ್ಟು ಜನ? ಒಬ್ಬ ಇನ್‌ಸ್ಟ್ರಕ್ಟರ್‌ಗೆ ಆವತ್ತು ಎಷ್ಟು ಜನ? ತಲೆ ಮುಳುಗಿದ ಮೇಲೆ ಎಷ್ಟು ನಿಮಿಷ? ಮೂರನೆಯದಕ್ಕೆ ತಡವರಿಸಿದರೆ ಬೇರೆ ಕಡೆ ನೋಡಿ. ಗಲೀಜು ಬಾತ್‌ರೂಮ್, ಗಟ್ಟಿ ಹಾಸಿಗೆ ನನಗೆ ಲೆಕ್ಕಕ್ಕಿಲ್ಲ. ಜನಜಂಗುಳಿ ಮಾತ್ರ ಆಗುವುದಿಲ್ಲ. ನಿಮಗೆ ಗದ್ದಲ ಇಷ್ಟ ಅಂದರೆ ಶನಿವಾರವೇ ಹೋಗಿ, ಬೇಡ ಅನ್ನುವುದಿಲ್ಲ.

ಬೆಂಗಳೂರಿಂದ ಬಸ್ಸಿನಲ್ಲಿ ಮಾತ್ರ ಹೋಗಬೇಡಿ. ನನಗೆ ಸಿಕ್ಕಿದ್ದು ಸ್ಲೀಪರ್ ಬಸ್ಸಿನ ಕೊನೇ ಸಾಲಿನ ಮೇಲಿನ ಬರ್ತ್. ಘಾಟಿಯ ಒಂದೊಂದು ತಿರುವಿಗೂ ಒಂದು ಸಲ ಕಿಟಕಿಗೆ, ಒಂದು ಸಲ ಪಕ್ಕದವರಿಗೆ ತಲೆ ಹೊಡೆಸಿಕೊಂಡೆ. ಬೆಳಗಿನ ಜಾವ ನಾಲ್ಕೂಕಾಲಿಗೆ ಹೆದ್ದಾರಿಯಲ್ಲೇ ಇಳಿಸಿ ಹೋದರು. ಊರೊಳಗೆ ಹೋಗಲು ಇದ್ದ ಒಂದೇ ಆಟೊದವರು 200 ಕೇಳಿದರು, ಕೊಟ್ಟೆ. ರಾತ್ರಿ ರೈಲಿದೆ, ಮುರುಡೇಶ್ವರಕ್ಕೇ ಸ್ಟೇಷನ್ ಇದೆ. ದೇವಸ್ಥಾನದ ಹತ್ತಿರದ "ಸೀ ವ್ಯೂ" ರೂಮಿನ ಬಗ್ಗೆ ಒಂದೇ ಮಾತು: 2,800 ರೂಪಾಯಿ, ಸಮುದ್ರ ಕಾಣುತ್ತಿದ್ದದ್ದು ನೀರಿನ ಟ್ಯಾಂಕಿನ ಸಂದಿಯಲ್ಲಿ.

ಒಂದು ವರ್ಷ ಹೊಟ್ಟೆ ಉರಿದುಕೊಂಡಿದ್ದು, ಆಮೇಲೆ ಫೆಬ್ರವರಿಯಲ್ಲಿ ಸ್ಕೂಬಾ ಕಲಿಸುವ ಓಪನ್ ವಾಟರ್ ಕೋರ್ಸಿಗೆ ಹೋದೆ. ನೇತ್ರಾಣಿಗೇ, ಆದರೆ ಬೇರೆಯವರ ಹತ್ತಿರ, ಸೋಮವಾರದಿಂದ ಗುರುವಾರ. ಇಪ್ಪತ್ತೈದು ಸಾವಿರ ಚಿಲ್ಲರೆ ಆಯಿತು. ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ ಪಾಠ, ಈಜುಕೊಳದ ತರಬೇತಿ, ಸಮುದ್ರದಲ್ಲಿ ನಾಲ್ಕು ಡೈವ್ ಎಲ್ಲಾ ಅದರಲ್ಲೇ ಬಂತು. ಪಾಸಾದರೆ 18 ಮೀಟರ್ ತನಕ ಇಳಿಯಬಹುದು. 10 ವರ್ಷ ತುಂಬಿದ ಮಕ್ಕಳೂ ಕಲಿಯಬಹುದು, ಅವರಿಗೆ ಆಳ ಕಡಿಮೆ.

ನನ್ನ ಬ್ಯಾಚಿನಲ್ಲಿ ಹುಬ್ಬಳ್ಳಿಯ ಹನ್ನೆರಡು ವರ್ಷದ ಹುಡುಗನೊಬ್ಬ ಇದ್ದ. ನೀರೊಳಗೆ ಮಾಸ್ಕ್ ಪೂರ್ತಿ ಬಿಚ್ಚಿ, ಮತ್ತೆ ಹಾಕಿಕೊಂಡು, ಒಳಗಿನ ನೀರನ್ನು ಮೂಗಿನಿಂದ ಊದಿ ಹೊರಹಾಕಬೇಕು. ಅವನು ಒಂದೇ ಸಲಕ್ಕೆ ಮಾಡಿದ. ನಾನು ಮಾಸ್ಕ್ ತೆಗೆದ ಕೂಡಲೇ ಮೂಗಿಗೆ ನೀರೆಳೆದುಕೊಂಡು, ಕೆಮ್ಮಿ, ಕೊಳದ ಆಳವಿಲ್ಲದ ಕಡೆ ಎದ್ದು ನಿಂತುಬಿಡುತ್ತಿದ್ದೆ. ಆರು ಸಲ ಹೀಗೇ ಆಯಿತು. ಏಳನೇ ಸಲಕ್ಕೆ ಅವನೇ ಹತ್ತಿರ ಬಂದು, "ಅಕ್ಕಾ, ಮೂಗಲ್ಲೇ ಏನಾದ್ರೂ ಹಾಡು ಗುನುಗ್ರಿ, ನೀರು ಒಳಗ ಬರೂದಿಲ್ಲ" ಅಂದ. ಗುನುಗಿದೆ. ಬರಲಿಲ್ಲ. ಗುನುಗುವಾಗ ಗಾಳಿ ಮೂಗಿನಿಂದ ಹೊರಗೆ ಹೋಗುತ್ತಲೇ ಇರುತ್ತದೆ, ಅಷ್ಟೇ ಗುಟ್ಟು.

ಆದರೆ ನೆಗಡಿ ಇದ್ದರೆ ಯಾರು ಎಷ್ಟು ಧೈರ್ಯ ಹೇಳಿದರೂ ಇಳಿಯಬೇಡಿ. ಇಳಿಯುತ್ತಾ ಕಿವಿಯ ಒತ್ತಡ ಬಿಡಿಸಿಕೊಳ್ಳುತ್ತಲೇ ಇರಬೇಕು, ಮೂಗು ಕಟ್ಟಿದ್ದರೆ ಅದು ಆಗುವುದಿಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಉಸಿರು ಹಿಡಿದುಕೊಂಡು ಮೇಲೆ ಬರುವುದಂತೂ ಬೇಡವೇ ಬೇಡ. ಆ ಗಾಳಿ ಎದೆಯೊಳಗೇ ಹಿಗ್ಗುತ್ತದೆ.

ಮೂರನೇ ಡೈವಿನಲ್ಲಿ ಸಿಂಹಮೀನು ಕಂಡಿತು. ಕಂದು ಬಣ್ಣದ್ದು ಅಂದುಕೊಂಡೆ. ಇನ್‌ಸ್ಟ್ರಕ್ಟರ್ ಟಾರ್ಚ್ ಬಿಟ್ಟರು, ಕುಂಕುಮದಂಥ ಕೆಂಪು! ಆಳಕ್ಕೆ ಹೋದ ಹಾಗೆ ಮೊದಲು ಮಾಯವಾಗುವುದೇ ಕೆಂಪು. ಸಿಂಹಮೀನನ್ನು ಮುಟ್ಟಲು ಹೋಗಬೇಡಿ, ಬೆನ್ನಿನ ಮುಳ್ಳಲ್ಲಿ ವಿಷ ಇರುತ್ತದೆ. ಗಿಳಿಮೀನುಗಳು ಬಂಡೆ ಕೆರೆಯುವ ಕರಕರ ಸದ್ದು ನೀರೊಳಗೂ ಕೇಳುತ್ತದೆ. ಪಕ್ಕದಲ್ಲಿ ಯಾರೋ ಹಪ್ಪಳ ಮುರಿದ ಹಾಗೆ.

ಆಮೆ ಸಿಕ್ಕಿದ್ದು ನಾಲ್ಕನೆಯದರಲ್ಲಿ. ಬಂಡೆಯ ಸಂದಿಯಿಂದ ತಲೆ ಹಾಕಿ, ನಮ್ಮನ್ನು ಏನೂ ಲೆಕ್ಕಕ್ಕಿಡದೆ ಏನನ್ನೋ ಕಿತ್ತು ತಿನ್ನುತ್ತಿತ್ತು. ಚಿಪ್ಪಿನ ಮೇಲೆ ಪಾಚಿ ಹಿಡಿದಿತ್ತು, ಕಣ್ಣಿನ ಸುತ್ತ ಅಜ್ಜಿಯ ಹಾಗೆ ಸುಕ್ಕು. ನನಗೆ ನಗು ಬಂತು. ನಕ್ಕರೆ ಕೆನ್ನೆ ಮಡಿಚಿ ಮಾಸ್ಕ್ ಸಡಿಲವಾಗುತ್ತದೆ, ಇದನ್ನು ಯಾರೂ ಹೇಳಿರಲಿಲ್ಲ. ಕಣ್ಣಿನ ತನಕ ಉಪ್ಪುನೀರು. ಗುನುಗಿದೆ, ತಲೆ ಮೇಲೆತ್ತಿದೆ, ಊದಿದೆ. ನೀರು ಹೋಯಿತು. ಆಮೆ ಅಲ್ಲೇ ಇತ್ತು, ತಿನ್ನುತ್ತಲೇ ಇತ್ತು. ಈ ಸಲ ನಮ್ಮ ಹತ್ತಿರ ಕ್ಯಾಮೆರಾನೇ ಇರಲಿಲ್ಲ.

ಬೋಟಿನವರು ಮೀನುಗಾರರ ಮನೆಯವರು. "ನಮ್ಮಪ್ಪ ಜೀವಮಾನ ಪೂರ್ತಿ ಇಲ್ಲೇ ಬಲೆ ಬಿಟ್ಟ. ಕೆಳಗೆ ಹೇಗುಂಟು ಅಂತ ಒಂದ್ ಸಲಾನೂ ನೋಡ್ಲಿಲ್ಲ" ಅಂದರು. ಅವರೂ ಇಳಿದಿಲ್ಲವಂತೆ. ದ್ವೀಪದ ಮೇಲೆ ಹರಕೆಗೆ ಬಿಟ್ಟ ಆಡುಗಳಿವೆ ಎಂದರು. ಪ್ರವಾಸಿಗರನ್ನು ದ್ವೀಪಕ್ಕೆ ಇಳಿಸುವುದಿಲ್ಲ. ಹಿಂದೆ ನೌಕಾಪಡೆ ಅಲ್ಲಿ ಗುರಿ ಅಭ್ಯಾಸ ಮಾಡುತ್ತಿತ್ತು.

ವಾಪಸ್ ಟಿಕೆಟ್ ಅದೇ ದಿನದ್ದು ಮಾಡಿಸಬೇಡಿ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದ್ದರೆ ವಿಮಾನ ಹತ್ತಲು 18 ಗಂಟೆಯಾದರೂ ಬಿಡಬೇಕು, ಡೈವ್ ಆದ ಕೂಡಲೇ ಎತ್ತರಕ್ಕೆ ಹೋಗುವುದು ಅಪಾಯ. ಘಾಟಿಯೂ ಎತ್ತರವೇ, ಬೆಂಗಳೂರು ಇರುವುದು 900 ಮೀಟರ್ ಮೇಲೆ. ಆವತ್ತೇ ಹತ್ತಬೇಡಿ ಎಂದು ಇನ್‌ಸ್ಟ್ರಕ್ಟರ್ ಹೇಳಿದ್ದಕ್ಕೆ ಒಂದು ರಾತ್ರಿ ಉಳಿದೆ. ಉಳಿದದ್ದಕ್ಕೇ ಆ ಊಟ ಸಿಕ್ಕಿತು.

ಸ್ಟೇಷನ್ ಕಡೆಗೆ ಹೋಗುವ ದಾರಿಯಲ್ಲಿ ನೀಲಿ ತಗಡಿನ ಮಾಡು, ಬೋರ್ಡ್ ಇಲ್ಲ. ನಾಲ್ಕು ಬೆಂಚು. ಕುಚಲಕ್ಕಿ ಅನ್ನ, ಜುಮ್ಮನಕಾಯಿ ಎಂಬ ಮಸಾಲೆಕಾಯಿ ಹಾಕಿದ ಬಂಗಡೆ ಸಾರು, ರವೆಯಲ್ಲಿ ಹೊರಳಿಸಿ ಹುರಿದ ಒಂದು ಬಂಗಡೆ, ಕೊನೆಗೆ ಲೋಟದಲ್ಲಿ ಸೊಲಕಡಿ (ಮುರುಗಲು ಹಣ್ಣಿನ ಪಾನೀಯ). 110 ರೂಪಾಯಿ. ಜುಮ್ಮನಕಾಯಿಯನ್ನು ಅಗಿಯಬಾರದು, ಅಗಿದರೆ ನಾಲಿಗೆ ಜುಮ್ಮೆನ್ನುತ್ತದೆ. ನಾನು ಎರಡು ಅಗಿದೆ. ಸಾರು ದಪ್ಪ, ತೆಂಗಿನಕಾಯಿ ನುಣ್ಣಗೆ ಅರೆದದ್ದು, ಹುಳಿ ಸ್ವಲ್ಪ ಮುಂದು. ಬಡಿಸುವ ಅಮ್ಮ ತಟ್ಟೆ ಖಾಲಿಯಾಗಲು ಬಿಡುವುದಿಲ್ಲ, ಅನ್ನ ಸಾರು ಎಷ್ಟು ಸಲ ಹಾಕಿದರೂ ಅಷ್ಟೇ ದುಡ್ಡು. ಆಮೆಯ ಕಥೆ ಹೇಳಿದೆ. "ಅದನ್ನ ನೋಡೂಕೆ ಅಷ್ಟು ದುಡ್ಡು ಕೊಟ್ಯಾ ತಂಗಿ? ಟೊಂಕದ ಬದಿಗೆ ಹೋದ್ರೆ ಮರಳಿಗೆ ಬಂದು ಮೊಟ್ಟೆ ಇಡ್ತದೆ, ಪುಕ್ಕಟೆ" ಎಂದರು. ಹೊನ್ನಾವರದ ಕಾಸರಕೋಡು ಟೊಂಕದ ಕಡಲತೀರದ ಮಾತು ಅದು.

ಒಂದೂವರೆ ಒಳಗೆ ಹೋಗಿ. ಎರಡರ ಮೇಲೆ ಹೋದರೆ ಬಂಗಡೆ ಖಾಲಿ, ಬರೀ ಸಾರು.