ಜಾತ್ರೆಯ ಜೈಂಟ್ ವೀಲ್ ತಪಾಸಣೆ: ನೆಲ, ಪಿನ್ನು, ಬೆಸುಗೆ

ಕೊಪ್ಪಳದ ಗವಿಮಠದ ಜಾತ್ರೆಗೋ ಹುಲಿಗಿಗೋ ಬರುವ ಜೈಂಟ್ ವೀಲು ಒಂದೇ ಕಡೆ ನಿಲ್ಲುವಂಥದ್ದಲ್ಲ. ಬಿಚ್ಚಿ, ಲಾರಿಗೆ ಹೇರಿ, ಮುಂದಿನೂರಲ್ಲಿ ಮತ್ತೆ ಜೋಡಿಸುತ್ತಾರೆ. ಹೋದೂರಿನ ಫಿಟ್‌ನೆಸ್ ಪತ್ರ ಈ ಊರಿನ ಜೋಡಣೆಗೆ ಜಾಮೀನಾಗುವುದಿಲ್ಲ.

ಮೊದಲು ನೆಲ. ಮಸಾರಿ, ಅಂದರೆ ಕೆಂಪು ಮಣ್ಣಾದರೆ ಚಿಂತೆ ಅರ್ಧ ಕಮ್ಮಿ. ಎರೆ, ಅಂದರೆ ಕಪ್ಪು ಮಣ್ಣಿನ ಹೊಲವಾದರೆ, ಒಣಗಿದಾಗ ಕಲ್ಲಿನಂತಿರುವ ಮಣ್ಣು ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಅದಕ್ಕೆ ಮಳೆಯೇ ಬರಬೇಕಂತಿಲ್ಲ. ಧೂಳಿಗೆಂದು ಟ್ಯಾಂಕರಿನವರು ಹೊಡೆದ ನೀರು ಒಂದು ಕಾಲಿನ ಬುಡಕ್ಕೆ ಇಳಿದರೂ ಸಾಕು. ಬೇಸಿನಡಿ ಅಗಲವಾದ ದಪ್ಪ ಹಲಗೆ ಇರಬೇಕು, ಇಟ್ಟಿಗೆ ಚೂರು ಪೇರಿಸಿದ್ದರೆ ತೆಗೆಸಿ. ರಸಮಟ್ಟ ಬೆಳಿಗ್ಗೆ ಒಮ್ಮೆ, ಸಂಜೆ ಜನ ಸೇರುವ ಮುನ್ನ ಇನ್ನೊಮ್ಮೆ ಇಟ್ಟು ನೋಡಿ.

ಹೆಚ್ಚು ಹೊತ್ತು ಬೇಡುವುದು ಪಿನ್ನು, ಬೋಲ್ಟು. ತೊಟ್ಟಿಲು ತೂಗುವ ಪಿನ್ನಿಗೆ ಆರ್-ಕ್ಲಿಪ್ (ಪಿನ್ನು ಜಾರದಂತೆ ಹಿಡಿಯುವ ತಂತಿಯ ಕ್ಲಿಪ್ಪು) ಇರಬೇಕಾದ ತೂತಿನಲ್ಲಿ ಮೊಳೆಯೋ, ಸೆಂಟ್ರಿಂಗಿನವರ ಬೈಂಡಿಂಗ್ ವೈರೋ ಸಿಗುತ್ತದೆ. ಚಹಾದ ದುಡ್ಡಿನ ವಸ್ತುವಿಗೆ ಯಾಕಿಷ್ಟು ಜಿಪುಣತನವೋ! ಬೋಲ್ಟಿನ ತಲೆ ಒರೆಸಿ, ಅಲ್ಲಿ ಅಚ್ಚೊತ್ತಿದ ಶಕ್ತಿಯ ದರ್ಜೆ ಓದಿ. 8.8 ಬೇಕಾದಲ್ಲಿ 4.6 ಹಾಕಿದ್ದರೆ ಎಳೆತ ತಾಳುವ ಶಕ್ತಿ 800 ಮೆಗಾಪಾಸ್ಕಲ್‌ನಿಂದ 400ಕ್ಕೆ ಇಳಿದಂತೆ. ಗುರುತೇ ಇಲ್ಲದ್ದನ್ನು ತೆಗೆಸಿಬಿಡಿ. ಬಿಗಿದ ಮೇಲೆ ನಟ್ಟಿನಿಂದ ಪ್ಲೇಟಿಗೆ ಹಳದಿ ಪೇಂಟಿನ ಗೆರೆ ಎಳೆಸಿ. ಮರುದಿನ ಗೆರೆ ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಆಗ ಬರೀ ಬಿಗಿದು ಬಿಡದೆ, ಬೋಲ್ಟು ಬಿಚ್ಚಿಸಿ ತೂತು ಸವೆದು ಉದ್ದವಾಗಿದೆಯಾ ನೋಡಿ.

ಹೊಸ ಬಣ್ಣ ಬಳಿದಿದ್ದರೆ ನಮಗೆ ಅನುಮಾನವೇ ಜಾಸ್ತಿ. ಬಿರುಕು ಹೆಚ್ಚಾಗಿ ಹುಟ್ಟುವುದು ಬೆಸುಗೆ ಕಬ್ಬಿಣಕ್ಕೆ ಸೇರುವ ಅಂಚಿನಲ್ಲಿ. ಅಲ್ಲಿ ತುಕ್ಕಿನ ಸಣ್ಣ ಗೆರೆ ಇಳಿದಿದ್ದರೆ ಬಣ್ಣ ತೆಗೆದು, ಬಿರುಕಿನೊಳಗೆ ಇಳಿಯುವ ಡೈ ಪೆನೆಟ್ರಂಟಿನ ಕೆಂಪು ದ್ರವ ಹೊಡೆದು ಕನಿಷ್ಠ 10 ನಿಮಿಷ ಬಿಡಿ. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹಾಕಿಕೊಳ್ಳಿ. ನೇರ ಸಿಂಪಡಿಸಿದರೆ ಬಿರುಕಿನೊಳಗಿನ ಕೆಂಪೂ ತೊಳೆದುಹೋಗುತ್ತದೆ. ಆಮೇಲೆ ಒಳಗಿನ ಕೆಂಪನ್ನು ಹೊರಗೆಳೆಯುವ ಬಿಳಿ ಡೆವಲಪರ್ ಹೊಡೆಯಿರಿ. ಬಿರುಕಿದ್ದರೆ ಬಿಳುಪಿನ ಮೇಲೆ ಕೆಂಪು ದಾರದಂತೆ ಮೂಡುತ್ತದೆ.

ಕರೆಂಟಿನದು ಬೇಗ ಮುಗಿಯುತ್ತದೆ: ಅರ್ತಿಂಗ್ ನೋಡಿ, ಕರೆಂಟು ಸೋರಿದರೆ ತಾನೇ ಕಡಿತ ಮಾಡುವ 30 ಮಿಲಿಆಂಪಿನ ಸ್ವಿಚ್ಚು, ಇಎಲ್‌ಸಿಬಿಯ ಟೆಸ್ಟ್ ಬಟನ್ ಒತ್ತಿ.

ಕೊನೆಗೆ ಓಡಿಸಿ ನೋಡುವುದು. ಮೊದಲು ಖಾಲಿ, ಆಮೇಲೆ ಎಲ್ಲ ತೊಟ್ಟಿಲಿಗೂ ಮರಳಿನ ಚೀಲ, ಆಮೇಲೆ ಒಂದೇ ಮಗ್ಗುಲಿಗೆ ಕೆಲವು ಚೀಲ. ಬ್ರೇಕಿನ ಬಂಡವಾಳ ಬಯಲಾಗುವುದು ಈ ಮೂರನೆಯದರಲ್ಲೇ. ಟಿಕೆಟ್ ಭರಾಟೆಯಲ್ಲಿ ಆಪರೇಟರು ಸಾಲಾಗಿ ತುಂಬಿಸುತ್ತ ಹೋದರೆ ಭಾರ ಹೀಗೇ ಒಂದು ಕಡೆ ವಾಲುತ್ತದೆ. ಒಂದು ತೊಟ್ಟಿಲು ತುಂಬಿದ ಮೇಲೆ ಅದರ ಎದುರಿನದ್ದನ್ನು ತುಂಬಿಸಲು ಹೇಳಿ, ನಾಲ್ಕು ಸುತ್ತು ನಿಂತು ನೋಡಿ.