14ಕ್ಕೆ 14 ಪಾಸ್, ಅದೂ ಸುಳ್ಳು

ಇಪ್ಪತ್ತು ದಿನದ ಹಿಂದೆ, ನಿದ್ದೆಗಣ್ಣಲ್ಲಿ ಟರ್ಮಿನಲ್ ಅದಲುಬದಲಾಗಿ, ನನ್ನ ಇಂಟೆಲ್ ಪಿಟಿ (ಪ್ರೋಗ್ರಾಂ ಯಾವ ದಾರಿ ಹಿಡಿದು ಓಡಿತು ಅಂತ ಸಿಪಿಯು ತಾನೇ ಬರೆದಿಡುವ ‘ಪ್ರೊಸೆಸರ್ ಟ್ರೇಸ್’) ಟೆಸ್ಟ್ ಸ್ಕ್ರಿಪ್ಟನ್ನು ಲ್ಯಾಪ್‌ಟಾಪಿನ ಬದಲು ವರ್ಚುವಲ್ ಮಷೀನಿನಲ್ಲಿ, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರಿನಲ್ಲಿ, ಓಡಿಸಿಬಿಟ್ಟೆ. ಅಲ್ಲಿ ಪಿಟಿ ಸಾಧನವೇ ಇಲ್ಲ. ವರದಿ ಬಂತು: 14ರಲ್ಲಿ 14 ಪಾಸ್. ಪರೀಕ್ಷೆಗೇ ಕೂರದ ಹುಡುಗ ಫಸ್ಟ್ ಕ್ಲಾಸ್ ಬಂದ ಹಾಗೆ.

ಲಿನಕ್ಸ್ ಕರ್ನಲ್ ಕಟ್ಟಿದ್ದು, ಪರ್ಫ್ (ಈ ಟ್ರೇಸ್ ಹಿಡಿಯುವ, ಓದುವ ಲಿನಕ್ಸ್ ಸಾಧನ) ಬಿಲ್ಡ್ ಮಾಡಿದ್ದು ಇಲ್ಲಿ ಬೇಡ. ಪರ್ಫ್‌ನ ಶೆಲ್ ಟೆಸ್ಟ್‌ಗಳ ರೂಢಿಯನ್ನೇ ನಾನೂ ಹಿಡಿದಿದ್ದೆ: ಟೆಸ್ಟ್ ಮುಗಿಯುವಾಗ ಕೊಡುವ ಸಂಖ್ಯೆ (ಎಕ್ಸಿಟ್ ಕೋಡ್) 0 ಬಂದರೆ ಪಾಸ್, 2 ಬಂದರೆ ಸ್ಕಿಪ್, ಮಿಕ್ಕಿದ್ದೆಲ್ಲ ಫೇಲ್. ಆಮೇಲೆ ಲಾಗ್ ಉಳಿಯಲಿ ಅಂತ ಪ್ರತಿ ಟೆಸ್ಟಿನ ಕೊನೆಗೆ ಒಂದು ಪೈಪ್ (ಒಂದು ಕಮಾಂಡಿನ ಔಟ್‌ಪುಟನ್ನು ಇನ್ನೊಂದಕ್ಕೆ ಹರಿಸುವ ಕೊಳವೆ) ಹಾಕಿ, ಬಂದದ್ದನ್ನು ಫೈಲಿಗೂ ಬರೆಯುವ ಟೀ ಕಮಾಂಡ್ ಜೋಡಿಸಿದೆ. ಅಲ್ಲೇ ಎಡವಿದ್ದು. ಪೈಪ್ ಸಾಲಿನ ಫಲಿತಾಂಶ ಅಂದರೆ, ಕಮಾಂಡ್ ಓಡಿಸುವ ಶೆಲ್‌ಗೆ, ಕೊನೆಯ ಕಮಾಂಡಿನ ಫಲಿತಾಂಶ. ಟೀ ತನ್ನ ಕೆಲಸ ಮುಗಿಸಿ 0 ಅನ್ನುತ್ತದೆ. ಒಂದು ಕಪ್ ಚಾ ಕುಡಿಸಿದವರನ್ನೆಲ್ಲ ಪಾಸ್ ಮಾಡುವ ಮಾಸ್ತರ!

ಸ್ಕ್ರಿಪ್ಟಿನ ತಲೆಗೆ ಪೈಪ್‌ಫೇಲ್ ಸಾಲು ಹಾಕಿದೆ: ಪೈಪಿನಲ್ಲಿ ಯಾವ ಕಮಾಂಡ್ 0 ಬಿಟ್ಟು ಬೇರೆ ಕೊಟ್ಟರೂ ಅದು ಇಡೀ ಸಾಲಿನ ಫಲಿತಾಂಶ ಆಗುತ್ತದೆ. ಲ್ಯಾಪ್‌ಟಾಪಿನಲ್ಲಿ ಈಗ 9 ಪಾಸ್, 5 ಸ್ಕಿಪ್. ಯಾಕೆ ಸ್ಕಿಪ್ ಅಂತ ವರದಿಯಲ್ಲಿ ಇರಲಿಲ್ಲ, ಹಾಗಾಗಿ ಪ್ರತಿ ಸ್ಕಿಪ್ ಮುಂದೆ ಕಾರಣ ಬರುವಂತೆ ಮಾಡಿದೆ. ಟ್ರೇಸಿಗೆ ನಿಖರ ಸಮಯ ಕೊಡುವ ಸಿವೈಸಿ ಪ್ಯಾಕೆಟ್‌ನ ಎರಡು, ಅಂಥದ್ದೇ ಎಂಟಿಸಿಯ ಒಂದು, ಬೇಕಾದ ಕೋಡನ್ನಷ್ಟೇ ಟ್ರೇಸ್ ಮಾಡುವ ಅಡ್ರೆಸ್ ಫಿಲ್ಟರಿನ ಎರಡು. ಸಾಧನಕ್ಕೆ ಏನೇನು ಬರುತ್ತದೆ ಅಂತ ಕರ್ನಲ್ ತೋರಿಸುವ ಸಿಸ್‌ಎಫ್‌ಎಸ್‌ನ ಕ್ಯಾಪ್ಸ್ ಫೋಲ್ಡರಿನಲ್ಲಿ ಮೂರೂ 0, ಅಂದರೆ ಇಲ್ಲ. ಇದು ಸ್ಕೈಲೇಕ್ (ಇಂಟೆಲ್‌ನ 6ನೇ ಜನರೇಶನ್) ಅಲ್ಲವೇ, ಇವೆಲ್ಲ ಇರಬೇಕಲ್ಲ? ಸಿಪಿಯು ಹೆಸರು ನೋಡಿದೆ: ಐ5-5300ಯು. ಬ್ರಾಡ್‌ವೆಲ್, ಒಂದು ಜನರೇಶನ್ ಹಿಂದಿನದು! ನಾನು ದುಡ್ಡು ಕೊಟ್ಟದ್ದು ಐ5-6300ಯುಗೆ. ಸ್ಟಿಕ್ಕರ್ ಮೇಲೆ ದಪ್ಪ ಅಕ್ಷರದಲ್ಲಿ ‘6ನೇ ಜನರೇಶನ್’ ಅಂತಲೇ ಇದೆ. ಮೂರು ತಿಂಗಳಿಂದ ಟ್ರೇಸಿನ ಟೈಮ್‌ಸ್ಟ್ಯಾಂಪ್ ಯಾಕಿಷ್ಟು ಒರಟು ಅಂತ ಟ್ರೇಸ್ ಬಿಡಿಸಿ ಓದುವ ನನ್ನ ಡಿಕೋಡರಿಗೇ ಬೈಯುತ್ತಿದ್ದೆ.

ಸೆಕೆಂಡ್ ಹ್ಯಾಂಡ್ ಅಂಗಡಿಯವನಿಗೆ ಫೋನ್ ಹಚ್ಚಿದರೆ, ‘ಸರ, ಐ5 ಕೇಳಿದ್ರಿ, ಐ5 ಕೊಟ್ಟೀವಿ. ಒಂದು ನಂಬರ್ ಆಕಡೆ ಈಕಡೆ, ಸಿನಿಮಾ ಓಡತೈತಲ್ರಿ?’ ಅಂದ. ಓಡತೈತಪ್ಪಾ, ಸಿನಿಮಾ ಚಂದ ಓಡತೈತಿ.

ನಿಜವಾಗಿ ತಲೆ ತಿಂದದ್ದು ಇದರ ನಂತರದ್ದು. ಪೈಪ್‌ಫೇಲ್ ಬಂದ ಮೇಲೆ, ಒಂಬತ್ತು ಪಾಸ್‌ಗಳ ಪೈಕಿ ಎರಡು ಟೆಸ್ಟ್ ಒಮ್ಮೊಮ್ಮೆ ಫೇಲ್ ಆಗತೊಡಗಿದವು. ಮಧ್ಯಾಹ್ನ ಫೇಲ್, ರಾತ್ರಿ ಪಾಸ್. ರಾಯಚೂರಿನ ಮೇ ತಿಂಗಳು. ಅನುಮಾನ ನೇರ ಬಿಸಿಲಿನ ಮೇಲೆ. ಕಾದ ಸಿಪಿಯು ನಿಧಾನ ಆಗಿ ಪ್ಯಾಕೆಟ್ ಕಳಕೊಳ್ಳುತ್ತಿದೆ ಅಂತ ಒಂದು ದೊಡ್ಡ ಸಿದ್ಧಾಂತವನ್ನೇ ಕಟ್ಟಿದೆ. ಲ್ಯಾಪ್‌ಟಾಪನ್ನು ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲಿಟ್ಟು ಕೂಲರ್ ತಿರುಗಿಸಿದೆ. ‘ಊಟದ ತಟ್ಟಿ ಎಲ್ಲಿ ಹೋತೋ?’ ಅಂತ ಅವ್ವ ಎರಡು ದಿನ ಹುಡುಕಿದಳು. ಮೂರನೇ ದಿನ ಮಧ್ಯಾಹ್ನ ಪಾಸ್, ರಾತ್ರಿ ಫೇಲ್.

ಆಗ ಎಕ್ಸಿಟ್ ಕೋಡನ್ನೂ ವರದಿಗೆ ಸೇರಿಸಿದೆ. 141. ಅಂದರೆ 128ಕ್ಕೆ 13 ಕೂಡಿಸಿದ್ದು. 13 ಅಂದರೆ ಸಿಗ್‌ಪೈಪ್: ಓದುವವರಿಲ್ಲದ ಪೈಪಿಗೆ ಬರೆದ ಪ್ರೋಗ್ರಾಮನ್ನು ಕೊಲ್ಲುವ ಸಿಗ್ನಲ್. ಆ ಎರಡೂ ಟೆಸ್ಟ್ ‘ಪರ್ಫ್ ಸ್ಕ್ರಿಪ್ಟ್’ ಕಮಾಂಡ್ ಸುರಿಯುವ ಟ್ರೇಸಿನ ಡಂಪನ್ನು ಪೈಪ್‌ನಲ್ಲಿ ಪದ ಹುಡುಕುವ ಗ್ರೆಪ್‌ಗೆ ಕೊಟ್ಟು, ಮೈನಸ್ ಕ್ಯೂ (ಏನೂ ತೋರಿಸದೆ ಇದೆ-ಇಲ್ಲ ಅಷ್ಟೇ ಹೇಳು) ಹಾಕಿ, ಪಿಎಸ್‌ಬಿ ಪ್ಯಾಕೆಟ್ (ಡಿಕೋಡರ್ ಓದಲು ಶುರುಮಾಡುವ ಗುರುತು) ಇದೆಯಾ ಅಂತ ಕೇಳುತ್ತವೆ. ಪಿಎಸ್‌ಬಿ ಶುರುವಿನಲ್ಲೇ ಸಿಗುತ್ತದೆ. ಸಿಕ್ಕ ಕೂಡಲೇ ಗ್ರೆಪ್ ಎದ್ದು ಹೋಗುತ್ತದೆ. ಪಾಪ ಪರ್ಫ್ ಇನ್ನೂ ಬರೆಯುತ್ತಲೇ ಇರುತ್ತದೆ, ಕೇಳುವವರಿಲ್ಲದೆ ಸಾಯುತ್ತದೆ. ಗ್ರೆಪ್ ಏಳುವ ಮೊದಲೇ ಪರ್ಫ್ ಎಲ್ಲ ಬರೆದು ಮುಗಿಸಿದರೆ ಪಾಸ್, ಇಲ್ಲದಿದ್ದರೆ 141. ಪೈಪಿನಲ್ಲಿ ಹಿಡಿಯುವುದೇ 64 ಕೆಬಿ. ಬಿಸಿಲಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಕ್ಯೂ ತೆಗೆದು ಔಟ್‌ಪುಟನ್ನು ಡೆವ್ ನಲ್‌ಗೆ (ಲಿನಕ್ಸಿನ ಕಸದ ಬುಟ್ಟಿ) ತಳ್ಳಿದೆ. ಮತ್ತೆ 141! ಔಟ್‌ಪುಟ್ ಡೆವ್ ನಲ್‌ಗೆ ಹೋಗುತ್ತಿದ್ದರೆ ಲಿನಕ್ಸಿನಲ್ಲಿರುವ ಗ್ನೂ ಗ್ರೆಪ್ ತಾನೇ ಜಾಣತನ ಮಾಡಿ, ಹುಡುಕಿದ್ದು ಸಿಕ್ಕ ಮೊದಲ ಸಾಲಿಗೇ ನಿಲ್ಲಿಸುತ್ತದಂತೆ. ಇದನ್ನು ಕಂಡುಹಿಡಿಯಲು ಒಂದು ಇಡೀ ಸಂಜೆ, ಎರಡು ಪ್ಲೇಟ್ ಮಿರ್ಚಿ ಹೋಯಿತು. ಈಗ ಡಂಪನ್ನು ಮೊದಲು ಫೈಲಿಗೆ ಬರೆದು ಆಮೇಲೆ ಗ್ರೆಪ್ ಮಾಡುತ್ತೇನೆ. ದಡ್ಡ ದಾರಿ, ಆದರೆ ಇನ್ನೂರು ಸಲ ಓಡಿಸಿದರೂ ಒಂದೂ ಫೇಲ್ ಇಲ್ಲ.

ನಡುವೆ ಒಂದು ಆಸೆ ಬೇರೆ ಹುಟ್ಟಿದೆ. ಸಿಂಧನೂರಿನಲ್ಲಿ ಮಾವನ ಭತ್ತದ ಗದ್ದೆಯ ಪಂಪ್ ಸ್ಟಾರ್ಟರಿಗೆ ನಾನೇ ಮಾಡಿಕೊಟ್ಟ ಕಂಟ್ರೋಲರ್ ಆಗಾಗ ತಾನೇ ರೀಸೆಟ್ ಆಗುತ್ತದೆ. ಅದರೊಳಗಿರುವುದು ಕಾರ್ಟೆಕ್ಸ್-ಎಂ4 ಅನ್ನುವ ಪುಟ್ಟ ಪ್ರೊಸೆಸರ್. ಸಂದೇಶ ಬರೆಯಲು ಅದರಲ್ಲಿರುವ ಐಟಿಎಂನಲ್ಲಿ 32 ಪೋರ್ಟ್, ಅವು ಹೊರಬರುವ ಎಸ್‌ಡಬ್ಲ್ಯೂಓ ಒಂದೇ ತಂತಿ. ಸಾಯುವ ಮುಂಚಿನ ಕೊನೆಯ ಮಾತು ಅದರ ಮೇಲೆ ಬರುವಂತೆ ಮಾಡಬೇಕು. ಇದೇ ವರದಿ ಸ್ಕ್ರಿಪ್ಟ್ ಅಲ್ಲಿಗೂ ಹೊಂದಬಹುದು.

ಸದ್ಯದ ಸ್ಥಿತಿ: ಲ್ಯಾಪ್‌ಟಾಪಿನಲ್ಲಿ 9 ಪಾಸ್, 0 ಫೇಲ್, 5 ಸ್ಕಿಪ್, ಪ್ರತಿಯೊಂದಕ್ಕೂ ಕಾರಣ. ವರ್ಚುವಲ್ ಮಷೀನಿನಲ್ಲಿ 14 ಸ್ಕಿಪ್, ಒಟ್ಟು ಫಲಿತಾಂಶ 2. ಆ ಐದು ಟೆಸ್ಟ್ ನಿಜವಾಗಿ ಓಡಬೇಕಾದರೆ 6300ಯು ಬೇಕು. ಅಂಗಡಿಯವ ‘ನಾಳೆ ಬದಲಿ ಕಳಸ್ತೀನ್ರಿ ಸರ’ ಅಂದು ಇವತ್ತಿಗೆ ಒಂಬತ್ತು ದಿನ.