ಹೊಲಿಗೆ ಇರೋದು ಹೊಟ್ಟೇಲಿ, ಕಾಲಲ್ಲಲ್ಲ

ನನ್ನ ಮಗಳು ಹುಟ್ಟಿದ್ದು ಕಡಲೆಕಾಯಿ ಪರಿಷೆಯ ಹಿಂದಿನ ದಿನ, ಬಸವನಗುಡಿಯ ಒಂದು ನರ್ಸಿಂಗ್ ಹೋಮಿನಲ್ಲಿ. ಸಿಸೇರಿಯನ್. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನ ಜೋಮು ಇಳಿಯುವವರೆಗೆ ಏನೂ ಗೊತ್ತಾಗಲಿಲ್ಲ. ಇಳಿದ ಮೇಲೆ ಶುರುವಾಯಿತು ನೋಡಿ.

ಮರುದಿನ ಬೆಳಿಗ್ಗೆ ಮೂತ್ರದ ಪೈಪ್ ತೆಗೆದು, "ಎದ್ದು ನಾಲ್ಕು ಹೆಜ್ಜೆ ಹಾಕಿ" ಅಂದರು. ಮಂಚದಿಂದ ಕಾಲು ಕೆಳಗಿಡುವಷ್ಟರಲ್ಲೇ ಕಣ್ಣು ಕತ್ತಲಿಟ್ಟಿತು. ಕೆಮ್ಮು ಬಂದರೆ ಭಯ, ನಗು ಬಂದರೂ ಭಯ. ಹೊಟ್ಟೆಗೆ ದಿಂಬು ಒತ್ತಿಕೊಂಡು ಕೆಮ್ಮುವುದನ್ನು ಸಿಸ್ಟರ್ ಹೇಳಿಕೊಟ್ಟರು. ಮಗು ಅತ್ತರೆ ಬಗ್ಗಿ ಎತ್ತಿಕೊಳ್ಳುವುದಕ್ಕೆ ಆಗುತ್ತಿರಲಿಲ್ಲ. ಮಲಗಿದಲ್ಲೇ ಕೈ ಚಾಚಿ, ಯಾರಾದರೂ ಕೊಡಲಿ ಅಂತ ಕಾಯುತ್ತಿದ್ದೆ.

ನೋವಿಗೆ ಕೊಡುತ್ತಿದ್ದ ಮಾತ್ರೆಯನ್ನು ಅರ್ಧ ಮನಸ್ಸಿನಿಂದ ನುಂಗುತ್ತಿದ್ದೆ. ಹಾಲಿನ ಮೂಲಕ ಮಗುವಿಗೆ ಹೋದರೆ ಅಂತ ಹೆದರಿಕೆ. ಪ್ಯಾರಾಸಿಟಮಾಲ್ ಹಾಲುಣಿಸುವ ತಾಯಂದಿರು ತಗೊಳ್ಳಬಹುದು, ಸುಮ್ನೆ ನೋವು ತಿನ್ನಬೇಡಿ ಅಂತ ಡಾಕ್ಟರು ಹೇಳಿದ ಮೇಲೆ ಸಮಾಧಾನವಾಯಿತು. ಆದರೆ ಸಂಜೆ 4ಕ್ಕೆ ನುಂಗಿದರೆ ಮುಂದಿನದು ರಾತ್ರಿ 10ಕ್ಕೆ. 8 ಗಂಟೆಗೆಲ್ಲ ನೋವು ಮತ್ತೆ ಏರಿತ್ತು.

ಆಗ ದೊಡ್ಡಮ್ಮ ಬಂದರು. ಪರಿಷೆಯ ಜನಜಂಗುಳಿಯಲ್ಲಿ ಬಸ್ಸು ಮುಂದೆ ಹೋಗದೆ, ಹನುಮಂತನಗರದಿಂದ ನಡೆದೇ ಬಂದಿದ್ದರು. ಕೈಚೀಲದಲ್ಲಿ ಒಂದು ಫ್ಲಾಸ್ಕು, ಒಂದು ಸಣ್ಣ ಬಾಟಲಿಯಲ್ಲಿ ಗಾಣದ ಕೊಬ್ಬರಿ ಎಣ್ಣೆ. ನನ್ನ ಮುಖ ನೋಡಿದವರೇ ಕಾಲ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತರು.

"ಬೇಡ ದೊಡ್ಡಮ್ಮ, ನೀವು ನನ್ನ ಕಾಲು ಮುಟ್ಟೋದಾ?"

"ಬಾಣಂತಿ ಕಾಲಿಗೆ ದೊಡ್ಡೋರು ಚಿಕ್ಕೋರು ಅಂತಿಲ್ಲ. ಚಾಚು."

"ಎಣ್ಣೆ ನೀವೋದು ಬೇಡ, ಹೊಲಿಗೆ ಇದೆ" ಅಂತ ಅಮ್ಮ ಗಾಬರಿಯಾದರು.

"ಹೊಲಿಗೆ ಇರೋದು ಹೊಟ್ಟೇಲಿ ಕಣೇ, ಕಾಲಲ್ಲಲ್ಲ" ಅಂದರು ದೊಡ್ಡಮ್ಮ.

ಆ ಮಾತು ನನ್ನ ತಲೆಯಲ್ಲಿ ಈಗಲೂ ಇದೆ. ನಮ್ಮಲ್ಲಿ ಬಾಣಂತಿಗೆ ಮೈಯೆಲ್ಲ ಎಣ್ಣೆ ನೀವಿ ನೀರೆರೆಯುವುದು ಹಿಂದಿನಿಂದ ಬಂದದ್ದು. ಸಿಸೇರಿಯನ್ ಆದರೆ ಹೊಟ್ಟೆ ಮುಟ್ಟುವ ಹಾಗಿಲ್ಲ, ಅದು ಸರಿ. ಆದರೆ ಆ ಹೆದರಿಕೆಯಲ್ಲಿ ಅವಳನ್ನೇ ಮುಟ್ಟುವುದು ಬಿಟ್ಟುಬಿಡುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100 ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ಅಂದರೆ ಎಷ್ಟು ತಾಯಂದಿರ ಪಾಲಿಗೆ ಆ ಎಣ್ಣೆ ಕೈ ತಪ್ಪಿಹೋಯಿತು, ಯೋಚಿಸಿ.

ದೊಡ್ಡಮ್ಮ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗಾಗುವ ತನಕ ಉಜ್ಜಿಕೊಂಡರು. ಅಷ್ಟರಲ್ಲಿ ಸಿಸ್ಟರ್ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಹೊದಿಕೆ ಸರಿಸಿ ನನ್ನ ಎರಡೂ ಮೀನಖಂಡ ನೋಡಿದರು. ಒಂದು ಕಾಲು ಮಾತ್ರ ಊದಿದೆಯಾ, ಬಿಸಿ ಇದೆಯಾ, ಮುಟ್ಟಿದರೆ ನೋಯುತ್ತಾ ಅಂತ ಕೇಳಿದರು. ಹೆರಿಗೆಯ ನಂತರ, ಅದರಲ್ಲೂ ಆಪರೇಷನ್ ಆದವರಿಗೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದಂತೆ. ಹಾಗೇನಾದರೂ ಇದ್ದರೆ ಉಜ್ಜಲೇಬಾರದು, ಕೂಡಲೇ ಡಾಕ್ಟರಿಗೆ ಹೇಳಬೇಕು. ನನಗೆ ಅದೇನೂ ಇರಲಿಲ್ಲ.

"ಸರಿ, ಹಚ್ಚಿ ಅಜ್ಜಿ. ಪಾದಕ್ಕೆ, ಕೈಗೆ ಮಾತ್ರ. ಒಂದೊಂದಕ್ಕೂ 5 ನಿಮಿಷ ಸಾಕು." ನನ್ನ ಕಡೆ ತಿರುಗಿ, "ಈಗ ನೋವು 10ಕ್ಕೆ ಎಷ್ಟು?" ಅಂದರು. ಏಳು ಅಂದೆ.

ಹಿಮ್ಮಡಿಯಿಂದ ಬೆರಳಿನ ತನಕ ಹೆಬ್ಬೆರಳು ಊರಿ ಎಳೆದರು. ಒಂದೊಂದು ಬೆರಳನ್ನೂ ಮೆಲ್ಲಗೆ ಹಿಡಿದು ಜಗ್ಗಿದರು. ಮೊದಲು ಹಲ್ಲು ಕಚ್ಚಿಕೊಂಡೇ ಮಲಗಿದ್ದೆ. ಎರಡನೇ ಪಾದಕ್ಕೆ ಬರುವ ಹೊತ್ತಿಗೆ ಬಿಗಿ ಹಿಡಿದಿದ್ದ ಭುಜ ತಾನಾಗಿ ಇಳಿಯಿತು. ಅಷ್ಟು ಹೊತ್ತು ಅದನ್ನು ಎತ್ತಿ ಹಿಡಿದಿದ್ದೇ ನನಗೆ ಗೊತ್ತಿರಲಿಲ್ಲ. ಅಂಗೈಗೆ ಬಂದಾಗ ಉಸಿರು ಹೊಟ್ಟೆಯ ತನಕ ಹೋಯಿತು. ಆಪರೇಷನ್ ಆದ ಮೇಲೆ ಅದೇ ಮೊದಲ ಸಲ ಹೆದರದೆ ಉಸಿರೆಳೆದದ್ದು.

20 ನಿಮಿಷ ಕಳೆದು ಸಿಸ್ಟರ್ ಮತ್ತೆ ಕೇಳಿದರು. ನಾಲ್ಕು ಅಂದೆ.

ನೋವು ಪೂರ್ತಿ ಹೋಗಲಿಲ್ಲ. 10 ಗಂಟೆಯ ಮಾತ್ರೆಯನ್ನೂ ತಗೊಂಡೆ. ಆದರೆ ಅದಕ್ಕೆ ಮುಂಚೆ ಒಂದು ಪಕ್ಕಕ್ಕೆ ಹೊರಳಿ, ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಂಡು ಹಾಲು ಕೊಟ್ಟೆ. ನೋವು, ಆತಂಕ ಜಾಸ್ತಿ ಇದ್ದರೆ ಹಾಲು ಇಳಿಯುವುದೂ ತಡೆಯುತ್ತದೆ. ಆ ದಿನ ಎದೆ ಜುಮ್ಮೆಂದಿದ್ದು, ಮಗಳು ಗುಟುಕು ನುಂಗಿದ ಸದ್ದು, ಎರಡೂ ನೆನಪಿದೆ.

ಆಮೇಲೆ ಬಾಣಂತನದ ರಾತ್ರಿಗಳಲ್ಲಿ ಇದರ ಬಗ್ಗೆ ಓದಿದೆ. ಮಂಡಿ ತಾಗಿದರೆ ತಕ್ಷಣ ಉಜ್ಜಿಕೊಳ್ಳುತ್ತೇವೆ ಅಲ್ವಾ? 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್, ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಅದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲು ಇದ್ದ ಹಾಗೆ. ಸ್ಪರ್ಶದ ಸುದ್ದಿ ಬಂದರೆ ಆ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ ಅಂತ. ನನ್ನ ಪಾದಕ್ಕೂ ಹೊಟ್ಟೆಗೂ ದೂರ, ನಿಜ. ಆದರೆ ಆ ರಾತ್ರಿ ನನ್ನ ನೋವಿನಲ್ಲಿ ಹೆದರಿಕೆಯೂ ಸೇರಿತ್ತು. ಅದನ್ನು ಇಳಿಸಿದ್ದು ಆ ಕೈಗಳೇ ಅಂತ ನಾನು ನಂಬುತ್ತೇನೆ.

ದೊಡ್ಡಮ್ಮ ಟವೆಲ್ಲಿನಿಂದ ನನ್ನ ಪಾದ ಚೆನ್ನಾಗಿ ಒರೆಸಿದರು. ಎಣ್ಣೆ ಕಾಲಲ್ಲಿ ಎದ್ದು ಜಾರಿದರೆ ಕಷ್ಟ. ಪರದೆಯ ಆಚೆಯ ಮಂಚದಲ್ಲೂ ಸಿಸೇರಿಯನ್ ಆದ ಹುಡುಗಿಯೊಬ್ಬಳಿದ್ದಳು. ಅವಳಮ್ಮ ದೊಡ್ಡ ಮಗುವನ್ನು ನೋಡಿಕೊಳ್ಳಲು ಮನೆಗೆ ಹೋಗಿದ್ದರು. ಗಂಡ ಮಂಚದ ಪಕ್ಕ ಏನು ಮಾಡಬೇಕೆಂದು ತೋಚದೆ ನಿಂತಿದ್ದ. ದೊಡ್ಡಮ್ಮ ಸಿಸ್ಟರನ್ನು ಕರೆದು ಅವಳ ಕಾಲೂ ನೋಡಲು ಹೇಳಿದರು. ಆಮೇಲೆ ಬಾಟಲಿಯನ್ನು ಅವನ ಕೈಗೆ ಕೊಟ್ಟರು.

"ಎಷ್ಟು ಎಣ್ಣೆ ತಗೋಬೇಕಮ್ಮ?" ಅಂತ ಅವನು ಕೇಳಿದ.

"ಒಂದು ಚಮಚ. ಮೊದಲು ನಿನ್ನ ಕೈ ಬೆಚ್ಚಗೆ ಮಾಡ್ಕೋ."